ಗರ್ಭಕೋಶದ ಕ್ಯಾನ್ಸರ್: ವರದಿಯಲ್ಲಿ ಓದಬೇಕಾದ ಎರಡು ಸಾಲುಗಳು



ಮುಟ್ಟು ನಿಂತು ನಾಲ್ಕಾರು ವರ್ಷಗಳಾದ ಬಳಿಕ ಹೆಣ್ಣುಮಗಳಿಗೆ ಮತ್ತೆ ರಕ್ತಸ್ರಾವ ಕಾಣಿಸಿಕೊಳ್ಳುವುದುಂಟು. ಹೆಚ್ಚಿನ ಸಲ ಅದರೊಡನೆ ನೋವಿರುವುದಿಲ್ಲ, ಜ್ವರವಿರುವುದಿಲ್ಲ. ಆಳಂದ, ಅಫಜಲಪುರ, ಜೇವರ್ಗಿಯ ಸೀಮೆಯ ಮನೆಗಳಲ್ಲಿ ಇಂತಹ ಹೊತ್ತಿನಲ್ಲಿ ಎರಡರಲ್ಲಿ ಒಂದು ನಡೆಯುತ್ತದೆ. ಒಂದೋ, ಸೊಸೆಯ ಮುಂದೆ, ಮಗನ ಮುಂದೆ ಹೇಗೆ ಹೇಳುವುದೆಂದು ಆ ತಾಯಿ ತಿಂಗಳುಗಟ್ಟಲೆ ಮುಚ್ಚಿಡುತ್ತಾಳೆ. ತೊಗರಿಯ ರಾಶಿ ಮುಗಿಯಲಿ, ಜಾತ್ರೆ ಕಳೆಯಲಿ ಎಂದು ದಿನ ದೂಡುತ್ತಾಳೆ. ಇಲ್ಲವೇ, ಯಾರೋ ಹೆದರಿಸಿದರೆಂದು ಮರುವಾರವೇ ‘ಚೀಲ ತೆಗೆಸಿ’ ಮನೆಗೆ ಕರೆತರುತ್ತಾರೆ. ತೆಗೆದ ಚೀಲದಲ್ಲಿ ಏನಿತ್ತೆಂದು ಯಾರೂ ಕೇಳುವುದಿಲ್ಲ.

ನೋಡಲು ಈ ಎರಡೂ ದಾರಿಗಳು ಒಂದಕ್ಕೊಂದು ವಿರುದ್ಧ. ಆದರೆ ಎರಡರಲ್ಲಿಯೂ ಬಿಟ್ಟುಹೋಗುವ ಮೆಟ್ಟಿಲು ಒಂದೇ. ಗರ್ಭಕೋಶದ ಒಳಪದರದ ಚೂರೊಂದನ್ನು ತೆಗೆದು, ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸಿ, ಕಂಡುದನ್ನು ಕಾಗದದ ಮೇಲೆ ಬರೆಯಿಸುವುದೇ ಆ ಮೆಟ್ಟಿಲು. ಆ ಕಾಗದವೇ ಬಯಾಪ್ಸಿ ವರದಿ. ರೋಗ ಕ್ಯಾನ್ಸರೇ ಆಗಿದ್ದರೆ ಅದರ ಸ್ವಭಾವವನ್ನು ತಿಳಿಸುವ ಎರಡು ಸಾಲುಗಳು ಆ ವರದಿಯಲ್ಲಿ ಮುಖ್ಯವಾದವು: ಗಡ್ಡೆಯ ದರ್ಜೆ ಯಾವುದು, ಮತ್ತು ಹಾರ್ಮೋನು ಗ್ರಾಹಿಗಳು ಇವೆಯೇ ಇಲ್ಲವೇ ಎಂಬುದು. ಈ ಎರಡು ಸಾಲುಗಳ ಅರ್ಥವನ್ನು ಈ ಸಲದ ಅಂಕಣದಲ್ಲಿ ವಿವರಿಸಲು ಬಯಸುತ್ತೇವೆ.

ಒಂದೇ ಅಂಗ, ಎರಡು ಕ್ಯಾನ್ಸರು

ಗರ್ಭಕೋಶದ ಕ್ಯಾನ್ಸರ್ ಎಂದೊಡನೆ ನಮ್ಮ ಜನ ಒಂದೇ ರೋಗವನ್ನು ನೆನೆಯುತ್ತಾರೆ. ವಾಸ್ತವದಲ್ಲಿ ಅವು ಎರಡು. ಗರ್ಭಕೋಶದ ಕೊರಳಿನ ಕ್ಯಾನ್ಸರ್ ಒಂದು. ಅದಕ್ಕೆ ಮುಖ್ಯ ಕಾರಣ ಒಂದು ಬಗೆಯ ವೈರಸ್ಸು. ಗರ್ಭಕೋಶದ ಒಳಪದರದ ಕ್ಯಾನ್ಸರ್ ಇನ್ನೊಂದು. ಅದರಲ್ಲಿ ಹೆಚ್ಚಿನ ಪಾಲಿಗೆ ಕಾರಣ ಹಾರ್ಮೋನುಗಳ ಸಮತೋಲ ತಪ್ಪುವುದು. ನಾವು ಇಲ್ಲಿ ಹೇಳುತ್ತಿರುವುದು ಈ ಎರಡನೆಯದನ್ನು ಕುರಿತು.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ 2020ರ ಅಂದಾಜಿನಂತೆ ಭಾರತದಲ್ಲಿ ಆ ವರ್ಷ ಕೊರಳಿನ ಕ್ಯಾನ್ಸರಿನ ಹೊಸ ರೋಗಿಗಳು ಸುಮಾರು 1 ಲಕ್ಷ 23 ಸಾವಿರ. ಗರ್ಭಕೋಶದ ಒಡಲಿನ ಕ್ಯಾನ್ಸರಿನವರು ಸುಮಾರು 16 ಸಾವಿರ. ಸಂಖ್ಯೆ ಕಡಿಮೆಯಾದುದರಿಂದಲೇ ಎರಡನೆಯದರ ಮಾತು ಹಳ್ಳಿಗಳವರೆಗೆ ಬರುವುದಿಲ್ಲ. ಸರಕಾರದ ತಪಾಸಣಾ ಶಿಬಿರಗಳಲ್ಲಿ ನೋಡುವುದು ಬಾಯಿ, ಸ್ತನ ಮತ್ತು ಗರ್ಭಕೋಶದ ಕೊರಳು. ಕೊರಳಿನ ಪರೀಕ್ಷೆ ಸರಿಯಾಗಿ ಬಂದರೆ ಒಳಪದರವೂ ಸರಿಯಾಗಿದೆಯೆಂದು ಅರ್ಥವಲ್ಲ. ಶಿಬಿರದಲ್ಲಿ ‘ಏನೂ ಇಲ್ಲ’ ಎಂದರೆಂಬ ಧೈರ್ಯದ ಮೇಲೆ ರಕ್ತಸ್ರಾವವನ್ನು ಕಡೆಗಣಿಸಬಾರದು.

ಹೀಗಿದ್ದರೂ ಈ ರೋಗದಲ್ಲಿ ಒಂದು ಸಮಾಧಾನದ ಸಂಗತಿಯಿದೆ. ಅದು ಬೇಗನೆ ತನ್ನ ಸುಳಿವನ್ನು ತಾನೇ ಕೊಡುತ್ತದೆ. ಮುಟ್ಟು ನಿಂತ ನಂತರ ಈ ಕ್ಯಾನ್ಸರ್ ಬಂದ ಹೆಂಗಸರಲ್ಲಿ ನೂರಕ್ಕೆ ಸುಮಾರು 90 ಮಂದಿಗೆ ರಕ್ತಸ್ರಾವ ಕಾಣಿಸಿಕೊಂಡಿರುತ್ತದೆ. ಇದನ್ನು ಕೇಳಿ ಗಾಬರಿಯಾಗಬೇಕಿಲ್ಲ. ಲೆಕ್ಕವನ್ನು ತಿರುಗಿಸಿ ನೋಡಿದರೆ, ಮುಟ್ಟು ನಿಂತ ಮೇಲೆ ರಕ್ತ ಕಂಡ ನೂರು ಹೆಂಗಸರಲ್ಲಿ ಕ್ಯಾನ್ಸರ್ ಇರುವುದು ಸುಮಾರು 9 ಮಂದಿಗೆ ಮಾತ್ರ. ಉಳಿದವರಲ್ಲಿ ಒಳಪದರ ತೆಳುವಾಗಿ ಒಣಗಿರುವುದು, ಮಾಂಸದ ಸಣ್ಣ ಕುಡಿ ಬೆಳೆದಿರುವುದು, ಪದರ ದಪ್ಪವಾಗಿರುವುದು ಮೊದಲಾದ ಕಾರಣಗಳಿರುತ್ತವೆ. ಹೀಗೆ ಈ ಒಂದೇ ಲಕ್ಷಣ ಎರಡು ಮಾತುಗಳನ್ನು ಹೇಳುತ್ತದೆ: ಪರೀಕ್ಷೆಯನ್ನು ಬಿಡಬೇಡಿ, ಪರೀಕ್ಷೆಗೆ ಮುಂಚೆ ಹೆದರಿ ಅಂಗ ತೆಗೆಸಬೇಡಿ.

ಒಂದು ವರ್ಷ ಪೂರ್ತಿ ಮುಟ್ಟು ಬಾರದೆ ಇದ್ದು, ಆಮೇಲೆ ಒಂದೇ ಒಂದು ಸಲ, ಒಂದೇ ಹನಿ ರಕ್ತ ಕಂಡರೂ ಸ್ತ್ರೀರೋಗ ತಜ್ಞರಲ್ಲಿ ತೋರಿಸಬೇಕು. ಮುಟ್ಟು ಇನ್ನೂ ನಿಲ್ಲದ, 45 ದಾಟಿದ ಹೆಂಗಸರಲ್ಲಿ ಸ್ರಾವ ಅತಿಯಾದರೆ, ನಡುನಡುವೆ ಕಾಣಿಸಿಕೊಂಡರೆ ಅವರಿಗೂ ಇದೇ ಮಾತು. ಮೊದಲು ಸ್ಕ್ಯಾನಿಂಗ್ ಮಾಡಿ ಪದರದ ದಪ್ಪವನ್ನು ಅಳೆಯುವುದುಂಟು. ಮುಟ್ಟು ನಿಂತವರಲ್ಲಿ ಅದು 4 ಮಿಲಿಮೀಟರ್ ಅಥವಾ ಅದಕ್ಕೂ ಕಡಿಮೆಯಿದ್ದರೆ ಕ್ಯಾನ್ಸರಿನ ಸಂಭವ ಬಹಳ ಕಡಿಮೆ. ಹೆಚ್ಚಿದ್ದರೆ, ಇಲ್ಲವೇ ರಕ್ತ ಮತ್ತೆ ಮತ್ತೆ ಕಾಣಿಸಿಕೊಂಡರೆ ಸಣ್ಣ ಕೊಳವೆಯಿಂದಲೋ, ಪದರವನ್ನು ಕೆರೆದೋ, ದುರ್ಬೀನಿನಿಂದ ಒಳಗೆ ನೋಡಿಯೋ ಚೂರನ್ನು ತೆಗೆಯುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಗುಳಿಗೆಯಿಂದ ರಕ್ತ ನಿಂತಿತೆಂದು ಸುಮ್ಮನಾಗುವವರಿದ್ದಾರೆ. ಆ ಗುಳಿಗೆಗಳಲ್ಲಿ ಹಲವು ಹಾರ್ಮೋನು ಗುಳಿಗೆಗಳೇ. ಅವು ರಕ್ತವನ್ನು ತಡೆಯಬಲ್ಲವು, ರೋಗವನ್ನು ಮರೆಮಾಡಬಲ್ಲವು, ಪದರದ ರೂಪವನ್ನು ಬದಲಿಸಿ ಪರೀಕ್ಷಕರನ್ನು ದಾರಿ ತಪ್ಪಿಸಲೂ ಬಲ್ಲವು. ಗುಳಿಗೆ ನುಂಗಿದ್ದರೆ ಅದನ್ನು ವೈದ್ಯರಿಗೆ ಮರೆಯದೆ ತಿಳಿಸಬೇಕು.

ಮೊದಲ ಸಾಲು: ದರ್ಜೆ

ಕ್ಯಾನ್ಸರಿನ ಜೀವಕೋಶಗಳು ತಾವು ಹುಟ್ಟಿದ ಅಂಗದ ಮೂಲ ರೂಪದಿಂದ ಎಷ್ಟು ದೂರ ಸರಿದಿವೆ ಎಂಬುದರ ಅಳತೆಯೇ ದರ್ಜೆ. ಗಡ್ಡೆಗಳನ್ನು ಹೀಗೆ ದರ್ಜೆಗಳಲ್ಲಿ ವಿಂಗಡಿಸುವ ಕ್ರಮವನ್ನು 1920ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಆಲ್ಬರ್ಟ್ ಬ್ರೋಡರ್ಸ್ ಎಂಬ ವೈದ್ಯರು ತುಟಿಯ ಕ್ಯಾನ್ಸರಿನ ಬಗೆಗೆ ಬರೆದ ಲೇಖನದಿಂದ ರೂಢಿಗೆ ತಂದರು.

ಗರ್ಭಕೋಶದ ಒಳಪದರದ ತುಂಬ ಸಣ್ಣ ಸಣ್ಣ ಗ್ರಂಥಿಗಳಿವೆ. ಒಂದೊಂದು ಗ್ರಂಥಿಯನ್ನೂ ಅಡ್ಡ ಕೊಯ್ದು ನೋಡಿದರೆ ಕಲ್ಲು ಕಟ್ಟಿದ ಸೇದುವ ಬಾವಿಯಂತೆ ಕಾಣುತ್ತದೆ. ನಡುವೆ ಬಯಲು, ಸುತ್ತಲೂ ಜೀವಕೋಶಗಳೆಂಬ ಕಲ್ಲುಗಳ ಅಚ್ಚುಕಟ್ಟಾದ ವರಸೆ. ಕ್ಯಾನ್ಸರ್ ಬಂದಾಗ ಬಾವಿಗಳು ಒತ್ತೊತ್ತಾಗಿ, ಅಂಕುಡೊಂಕಾಗಿ ಹುಟ್ಟಿಕೊಳ್ಳುತ್ತವೆ. ರೋಗ ಇನ್ನಷ್ಟು ಕೆಟ್ಟದಾದಂತೆ ಬಾವಿಯ ಆಕಾರವೇ ಅಳಿದು ಕಲ್ಲುಗಳ ಗುಡ್ಡೆ ಮಾತ್ರ ಉಳಿಯುತ್ತದೆ. ಪರೀಕ್ಷಕರು ಅಳೆಯುವುದು ಈ ಗುಡ್ಡೆಯ ಪಾಲನ್ನು.

ಅಂತರರಾಷ್ಟ್ರೀಯ ಸ್ತ್ರೀರೋಗ ಮತ್ತು ಪ್ರಸೂತಿ ತಜ್ಞರ ಒಕ್ಕೂಟ ಒಪ್ಪಿದ ಅಳತೆ ಹೀಗಿದೆ. ಗಡ್ಡೆಯಲ್ಲಿ ಗುಡ್ಡೆಗಟ್ಟಿದ ಭಾಗ ನೂರಕ್ಕೆ 5 ಅಥವಾ ಅದಕ್ಕೂ ಕಡಿಮೆಯಿದ್ದರೆ ಅದು 1ನೆಯ ದರ್ಜೆ. 6ರಿಂದ 50ರವರೆಗೆ ಇದ್ದರೆ 2ನೆಯ ದರ್ಜೆ. 50ಕ್ಕೂ ಮಿಕ್ಕಿದ್ದರೆ 3ನೆಯ ದರ್ಜೆ. ಬಾವಿಗಳು ಚೆನ್ನಾಗಿಯೇ ಕಂಡರೂ ಜೀವಕೋಶಗಳ ಕೇಂದ್ರಗಳು ತೀರ ವಿಕಾರವಾಗಿದ್ದರೆ ದರ್ಜೆಯನ್ನು ಒಂದು ಮೆಟ್ಟಿಲು ಏರಿಸುತ್ತಾರೆ. ಶಾಲೆಯ ಅಂಕಪಟ್ಟಿಯಲ್ಲಿ ಮೇಲಿನ ದರ್ಜೆ ಒಳ್ಳೆಯದು, ಇಲ್ಲಿ ಹಾಗಲ್ಲ. ಇಲ್ಲಿ ಅಂಕೆ ಚಿಕ್ಕದಾದಷ್ಟೂ ರೋಗ ಸಾಧು.

ದರ್ಜೆ ಬೇರೆ, ಹಂತ ಬೇರೆ. ಇವೆರಡನ್ನೂ ಒಂದೇ ಎಂದು ತಿಳಿದು ಅನೇಕ ಮನೆಗಳವರು ಕಂಗಾಲಾಗುತ್ತಾರೆ. ದರ್ಜೆ ಹೇಳುವುದು ರೋಗದ ಗುಣವನ್ನು. ಹಂತ ಹೇಳುವುದು ಅದು ಎಷ್ಟು ದೂರ ಹಬ್ಬಿದೆ ಎಂಬುದನ್ನು. 3ನೆಯ ದರ್ಜೆಯ ಗಡ್ಡೆ 1ನೆಯ ಹಂತದಲ್ಲಿ ಸಿಕ್ಕಬಹುದು. 1ನೆಯ ದರ್ಜೆಯದು ತಡವಾಗಿ ಬಂದವರಲ್ಲಿ ಮುಂದಿನ ಹಂತಕ್ಕೆ ಹೋಗಿರಬಹುದು. 2023ರಲ್ಲಿ ಅದೇ ಒಕ್ಕೂಟವು ಹಂತಗಳನ್ನು ಪರಿಷ್ಕರಿಸಿದಾಗ ಗಡ್ಡೆಯ ಜಾತಿಯನ್ನೂ ದರ್ಜೆಯನ್ನೂ ಹಂತದ ಲೆಕ್ಕಕ್ಕೆ ಸೇರಿಸಿಕೊಂಡಿತು. ಆದುದರಿಂದ ದರ್ಜೆ ಬರೆಯದ ವರದಿ ಇಂದು ಅರ್ಧ ವರದಿಯೇ ಸರಿ.

ಎರಡನೆಯ ಸಾಲು: ಹಾರ್ಮೋನು ಗ್ರಾಹಿಗಳು

ಹಾರ್ಮೋನು ಎಂಬುದು ಒಂದು ಗ್ರಂಥಿಯಿಂದ ಹೊರಟು ರಕ್ತದ ಮೂಲಕ ದೂರದ ಅಂಗಗಳಿಗೆ ತಲುಪುವ ಟಪಾಲು. ಟಪಾಲು ಊರ ತುಂಬ ಸುತ್ತಿದರೂ ಅದನ್ನು ತೆಗೆದುಕೊಳ್ಳುವವರು ಇರುವ ಮನೆಯಲ್ಲಿ ಮಾತ್ರ ಅದು ಕೆಲಸ ಮಾಡುತ್ತದೆ. ಜೀವಕೋಶದಲ್ಲಿ ಹೀಗೆ ಟಪಾಲನ್ನು ತೆಗೆದುಕೊಳ್ಳುವ ಪ್ರೋಟೀನಿಗೆ ಗ್ರಾಹಿ ಎಂದು ಹೆಸರು. ಈಸ್ಟ್ರೋಜೆನ್ನಿಗೆ ಒಂದು ಗ್ರಾಹಿ, ಪ್ರೊಜೆಸ್ಟೆರೋನಿಗೆ ಇನ್ನೊಂದು. ವರದಿಗಳಲ್ಲಿ ಇ.ಆರ್., ಪಿ.ಆರ್. ಎಂದು ಬರೆಯುವುದು ಇವನ್ನೇ.

ಈ ಗ್ರಾಹಿಯ ಸುಳಿವು ಮೊದಲು ಸಿಕ್ಕಿದ್ದು ಗರ್ಭಕೋಶದಲ್ಲಿಯೇ. 1950ರ ದಶಕದ ಕೊನೆಯಲ್ಲಿ ಶಿಕಾಗೋ ವಿಶ್ವವಿದ್ಯಾನಿಲಯದ ಎಲ್ವುಡ್ ಜೆನ್ಸನ್ ಅವರು ಈಸ್ಟ್ರೋಜೆನ್ನಿಗೆ ವಿಕಿರಣದ ಗುರುತು ಹಚ್ಚಿ ಎಳೆಯ ಹೆಣ್ಣಿಲಿಗಳಿಗೆ ಕೊಟ್ಟರು. ಇತರ ಅಂಗಗಳಿಂದ ಆ ಗುರುತು ಬೇಗನೆ ಮಾಯವಾಯಿತು. ಗರ್ಭಕೋಶ ಮಾತ್ರ ಅದನ್ನು ಹಿಡಿದಿಟ್ಟುಕೊಂಡಿತು. ಅಲ್ಲಿ ಅದನ್ನು ಹಿಡಿಯುವುದೇನೋ ಇದೆ ಎಂಬುದು ಸಿದ್ಧವಾಯಿತು. ಸ್ತನದ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ದೊಡ್ಡ ಬದಲಾವಣೆ ತಂದ ಈ ಶೋಧಕ್ಕೆ ಸಂಬಂಧಿಸಿದಂತೆ 2004ರಲ್ಲಿ ಅವರಿಗೆ ಲಾಸ್ಕರ್ ಪ್ರಶಸ್ತಿ ದೊರೆಯಿತು.

ಈಸ್ಟ್ರೋಜೆನ್ ಒಳಪದರವನ್ನು ಬೆಳೆಸುತ್ತದೆ. ಪ್ರೊಜೆಸ್ಟೆರೋನ್ ಆ ಬೆಳವಣಿಗೆಯನ್ನು ತಡೆದು ಪದರವನ್ನು ಪಕ್ವಗೊಳಿಸುತ್ತದೆ. ಒಂದು ಮಳೆಯಾದರೆ ಇನ್ನೊಂದು ಕಳೆ ತೆಗೆಯುವ ಕೈ. ಮಳೆ ನಿಲ್ಲದೆ ಸುರಿದು, ಕಳೆ ತೆಗೆಯುವವರು ಬಾರದಿದ್ದರೆ ಹೊಲ ಏನಾಗುವುದೋ ಒಳಪದರವೂ ಹಾಗಾಗುತ್ತದೆ. ಮುಟ್ಟು ನಿಂತ ಮೇಲೆ ಅಂಡಾಶಯಗಳು ಸುಮ್ಮನಾದರೂ ದೇಹದ ಕೊಬ್ಬು ಸುಮ್ಮನಿರುವುದಿಲ್ಲ. ಕೊಬ್ಬಿನಲ್ಲಿರುವ ಕಿಣ್ವವೊಂದು ಬೇರೆ ಹಾರ್ಮೋನನ್ನು ಈಸ್ಟ್ರೋಜೆನ್ನಾಗಿ ಮಾರ್ಪಡಿಸುತ್ತಲೇ ಇರುತ್ತದೆ. ಎದುರಿಗೆ ಪ್ರೊಜೆಸ್ಟೆರೋನ್ ಇರುವುದಿಲ್ಲ. ಮೈಭಾರ ಹೆಚ್ಚಿದವರಿಗೆ, ಸಕ್ಕರೆ ಕಾಯಿಲೆಯವರಿಗೆ, ಮಕ್ಕಳಾಗದವರಿಗೆ, ವರ್ಷಗಟ್ಟಲೆ ಮುಟ್ಟು ಏರುಪೇರಾಗಿದ್ದವರಿಗೆ, ತಡವಾಗಿ ಮುಟ್ಟು ನಿಂತವರಿಗೆ ಈ ರೋಗದ ಸಂಭವ ಹೆಚ್ಚಿರುವುದು ಬಹುಮಟ್ಟಿಗೆ ಈ ಕಾರಣದಿಂದ. ಹೊಲಕ್ಕೆ ನಡೆದುಹೋಗುವ ಕಾಲ ಹೋಗಿ ಮನೆಬಾಗಿಲಿಗೆ ಗಾಡಿ ಬಂದಿರುವ, ಜೋಳದ ರೊಟ್ಟಿಯ ಜಾಗದಲ್ಲಿ ಬೇಕರಿಯ ತಿನಿಸು ಬಂದಿರುವ ಮನೆಗಳು ಇದನ್ನು ಗಮನಿಸಬೇಕು.

ಗ್ರಾಹಿಗಳನ್ನು ನೋಡುವ ವಿಧಾನ ಹೀಗೆ: ಅಂಗದ ಚೂರನ್ನು ಮೇಣದ ಅಚ್ಚಿನಲ್ಲಿ ಹುದುಗಿಸಿ, ಕೂದಲಿಗಿಂತ ತೆಳುವಾಗಿ ಸೀಳಿ, ಗ್ರಾಹಿಗೆ ಮಾತ್ರ ಅಂಟಿಕೊಳ್ಳುವ ದ್ರವ್ಯವನ್ನು ಅದರ ಮೇಲೆ ಹಾಕುತ್ತಾರೆ. ಗ್ರಾಹಿ ಇರುವ ಜೀವಕೋಶಗಳ ಕೇಂದ್ರಗಳು ಕಂದು ಬಣ್ಣಕ್ಕೆ ತಿರುಗುತ್ತವೆ. ನೂರರಲ್ಲಿ ಎಷ್ಟು ಕೇಂದ್ರಗಳು ಬಣ್ಣ ಪಡೆದವು, ಬಣ್ಣ ಎಷ್ಟು ಗಾಢವಾಗಿದೆ ಎಂಬುದನ್ನು ವರದಿಯಲ್ಲಿ ಬರೆಯುತ್ತಾರೆ. ‘ಪಾಸಿಟಿವ್’ ಎಂಬ ಮಾತು ಕಂಡೊಡನೆ ಅನೇಕರ ಮುಖ ಬಾಡುತ್ತದೆ. ಬೇರೆ ಪರೀಕ್ಷೆಗಳಲ್ಲಿ ಆ ಮಾತಿಗೆ ಕೆಟ್ಟ ಅರ್ಥವಿರಬಹುದು. ಇಲ್ಲಿ ಗ್ರಾಹಿ ಪಾಸಿಟಿವ್ ಎಂದರೆ ಜೀವಕೋಶ ಇನ್ನೂ ಟಪಾಲನ್ನು ತೆಗೆದುಕೊಳ್ಳುತ್ತಿದೆ ಎಂದರ್ಥ. ಅದು ಸಾಮಾನ್ಯವಾಗಿ ಒಳ್ಳೆಯ ಸುದ್ದಿ.

ಎರಡು ಸಾಲುಗಳ ನಂಟು

ಈಗ ಎರಡೂ ಸಾಲುಗಳನ್ನು ಕೂಡಿಸಿ ಓದೋಣ. ದರ್ಜೆ ಏರಿದಂತೆ ಗ್ರಾಹಿಗಳು ಇಳಿಯುತ್ತವೆ. ಇದು ಸಾಮಾನ್ಯ ನಿಯಮ. 1ನೆಯ ದರ್ಜೆಯ ಗಡ್ಡೆಯ ಜೀವಕೋಶಗಳು ತಮ್ಮ ತವರನ್ನು ಪೂರ್ತಿ ಮರೆತಿರುವುದಿಲ್ಲ. ಬಾವಿಯ ಆಕಾರವನ್ನು ಉಳಿಸಿಕೊಂಡಂತೆ ಗ್ರಾಹಿಗಳನ್ನೂ ಉಳಿಸಿಕೊಂಡಿರುತ್ತವೆ. 3ನೆಯ ದರ್ಜೆಗೆ ಬರುವ ಹೊತ್ತಿಗೆ ಅನೇಕ ಗಡ್ಡೆಗಳಲ್ಲಿ ಆಕಾರವೂ ಹೋಗಿರುತ್ತದೆ, ಗ್ರಾಹಿಯೂ ಹೋಗಿರುತ್ತದೆ. ಬಾಗಿಲು ಹಾಕಿದ ಮನೆಗೆ ಎಷ್ಟು ಟಪಾಲು ಹಾಕಿದರೇನು?

ರಷ್ಯಾದ ವೈದ್ಯ ಬೋಖ್‌ಮನ್ ಅವರು 1983ರಲ್ಲಿ ಈ ಕ್ಯಾನ್ಸರನ್ನು ಎರಡು ಬಗೆಯಾಗಿ ವಿಂಗಡಿಸಿದರು. ಮೊದಲನೆಯದು ಈಸ್ಟ್ರೋಜೆನ್ನಿನ ಬೆನ್ನು ಹತ್ತಿ ಬರುವ, ಕೆಳದರ್ಜೆಯ, ನಿಧಾನದ ರೋಗ, ಇದೇ ಹೆಚ್ಚು. ಎರಡನೆಯದು ಹಾರ್ಮೋನಿನ ಹಂಗಿಲ್ಲದ, ಮೇಲ್ದರ್ಜೆಯ, ಬೇಗ ಹಬ್ಬುವ ರೋಗ. 2013ರಲ್ಲಿ ಅಮೆರಿಕದ ಸಂಶೋಧಕರ ತಂಡವು ಜೀನುಗಳನ್ನು ಓದಿ ಎರಡರ ಜಾಗದಲ್ಲಿ ನಾಲ್ಕು ಗುಂಪುಗಳನ್ನು ತೋರಿಸಿತು. ಹೀಗಾಗಿ ಇಂದಿನ ವರದಿಗಳಲ್ಲಿ ಗ್ರಾಹಿಗಳ ಜೊತೆಗೆ ಪಿ-53 ಮೊದಲಾದ ಇನ್ನೂ ಕೆಲವು ಪರೀಕ್ಷೆಗಳ ಸಾಲುಗಳು ಇರುವುದುಂಟು. 3ನೆಯ ದರ್ಜೆಯವೆಲ್ಲ ಒಂದೇ ಬಗೆಯವಲ್ಲ, ಅವುಗಳಲ್ಲಿಯೂ ಚಿಕಿತ್ಸೆಗೆ ಚೆನ್ನಾಗಿ ಒಗ್ಗುವವು ಇವೆ ಎಂಬುದು ಆ ಶೋಧದಿಂದ ತಿಳಿಯಿತು.

ಗ್ರಾಹಿಯ ಬೆಲೆ ಚಿಕಿತ್ಸೆಯಲ್ಲಿ ಹೇಗೆ ತಿಳಿಯುತ್ತದೆ? 1961ರಲ್ಲಿ ಕೆಲ್ಲಿ ಮತ್ತು ಬೇಕರ್ ಎಂಬ ಅಮೆರಿಕದ ವೈದ್ಯರು ಮುಂದುವರಿದ ರೋಗವಿದ್ದ 21 ಹೆಂಗಸರಿಗೆ ಪ್ರೊಜೆಸ್ಟೆರೋನಿನಂತಹ ಔಷಧ ಕೊಟ್ಟು 6 ಮಂದಿಯಲ್ಲಿ ಗಡ್ಡೆ ಕುಗ್ಗಿದುದನ್ನು ವರದಿ ಮಾಡಿದರು. ಉಳಿದವರಲ್ಲಿ ಏಕೆ ಕುಗ್ಗಲಿಲ್ಲ ಎಂಬುದಕ್ಕೆ ಉತ್ತರ ಮುಂದೆ ಗ್ರಾಹಿಗಳಲ್ಲಿ ಸಿಕ್ಕಿತು. 1999ರಲ್ಲಿ ಪ್ರಕಟವಾದ, 299 ರೋಗಿಗಳ ಅಧ್ಯಯನವೊಂದು ಈ ಮಾತನ್ನು ಅಂಕೆಗಳಲ್ಲಿ ಇಟ್ಟಿತು. ಅದೇ ಬಗೆಯ ಗುಳಿಗೆಗೆ 1ನೆಯ ದರ್ಜೆಯವರಲ್ಲಿ ನೂರಕ್ಕೆ 37 ಮಂದಿಯ ಗಡ್ಡೆ ಕುಗ್ಗಿತು. 2ನೆಯ ದರ್ಜೆಯವರಲ್ಲಿ 23. 3ನೆಯ ದರ್ಜೆಯವರಲ್ಲಿ 9 ಮಾತ್ರ. ಪ್ರೊಜೆಸ್ಟೆರೋನ್ ಗ್ರಾಹಿ ಇದ್ದವರಲ್ಲಿ ನೂರಕ್ಕೆ 37, ಇಲ್ಲದವರಲ್ಲಿ 8. ಒಂದೇ ಔಷಧ, ಫಲದಲ್ಲಿ ನಾಲ್ಕು ಪಟ್ಟು ವ್ಯತ್ಯಾಸ. ಆ ವ್ಯತ್ಯಾಸವನ್ನು ಮುಂಚಿತವಾಗಿ ಹೇಳಬಲ್ಲುದು ವರದಿಯ ಈ ಎರಡು ಸಾಲುಗಳೇ.

ಪಾಸಿಟಿವ್ ಎಂದು ಬಂದವರೆಲ್ಲ ಹಾರ್ಮೋನು ಗುಳಿಗೆ ನುಂಗಬೇಕೆಂದು ಮಾತ್ರ ಇದರಿಂದ ತಿಳಿಯಬಾರದು. ಈ ರೋಗಕ್ಕೆ ಮೊದಲ ಚಿಕಿತ್ಸೆ ಶಸ್ತ್ರಕ್ರಿಯೆಯೇ. ಗರ್ಭಕೋಶ, ನಾಳಗಳು ಮತ್ತು ಸಾಮಾನ್ಯವಾಗಿ ಅಂಡಾಶಯಗಳನ್ನೂ ತೆಗೆಯುತ್ತಾರೆ. ದರ್ಜೆ ಮತ್ತು ಹಂತವನ್ನು ನೋಡಿಕೊಂಡು ವಿಕಿರಣ ಚಿಕಿತ್ಸೆಯನ್ನೋ ಕಿಮೋ ಔಷಧವನ್ನೋ ಸೇರಿಸುತ್ತಾರೆ. ಆರಂಭದ ಹಂತದಲ್ಲಿ ಶಸ್ತ್ರಕ್ರಿಯೆ ಪೂರ್ಣವಾದ ಮೇಲೆ ಹಾರ್ಮೋನು ಗುಳಿಗೆ ಸೇರಿಸುವುದರಿಂದ ಲಾಭವಿಲ್ಲವೆಂದು ಅಧ್ಯಯನಗಳು ತೋರಿಸಿವೆ. ರೋಗ ಹಬ್ಬಿದ, ಮರಳಿ ಬಂದ, ಶಸ್ತ್ರಕ್ರಿಯೆ ತಾಳಲಾರದ ಸಂದರ್ಭಗಳಲ್ಲಿ ಗ್ರಾಹಿಯ ಸಾಲು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಸಂದರ್ಭವೂ ಉಂಟು. ಮಕ್ಕಳಾಗಬೇಕೆಂದು ಬಯಸುವ ಚಿಕ್ಕ ವಯಸ್ಸಿನ ಹೆಣ್ಣುಮಗಳಿಗೆ 1ನೆಯ ದರ್ಜೆಯ ರೋಗ ಒಳಪದರದಲ್ಲಿ ಮಾತ್ರವಿದ್ದರೆ, ತಜ್ಞರ ಕಣ್ಗಾವಲಿನಲ್ಲಿ ಗರ್ಭಕೋಶವನ್ನು ಉಳಿಸಿಕೊಂಡು ಹಾರ್ಮೋನಿನಿಂದ ಚಿಕಿತ್ಸೆ ನೀಡಲು ಸಾಧ್ಯವಿದೆ. 2012ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಇಂತಹವರಲ್ಲಿ ಸುಮಾರು ಮುಕ್ಕಾಲು ಪಾಲಿನವರ ರೋಗ ಹಿಮ್ಮೆಟ್ಟಿತ್ತು; ಆದರೆ ನೂರಕ್ಕೆ ಸುಮಾರು 40 ಮಂದಿಯಲ್ಲಿ ಮರಳಿ ಬಂದಿತ್ತು. ಆದುದರಿಂದ ಕೆಲ ತಿಂಗಳಿಗೊಮ್ಮೆ ಚೂರು ತೆಗೆದು ನೋಡುವುದನ್ನು ತಪ್ಪಿಸುವಂತಿಲ್ಲ. ಹೆರಿಗೆಯ ಬಯಕೆ ತೀರಿದ ಮೇಲೆ ಶಸ್ತ್ರಕ್ರಿಯೆಯನ್ನೂ ಮರೆಯುವಂತಿಲ್ಲ.

ಸ್ತನದ ಕ್ಯಾನ್ಸರಿಗೆ ಟಾಮಾಕ್ಸಿಫೆನ್ ಗುಳಿಗೆ ತೆಗೆದುಕೊಳ್ಳುತ್ತಿರುವ ತಾಯಂದಿರಿಗೂ ಒಂದು ಮಾತು. ಈ ಔಷಧ ಸ್ತನದಲ್ಲಿ ಈಸ್ಟ್ರೋಜೆನ್ನನ್ನು ತಡೆಯುತ್ತದೆ. ಗರ್ಭಕೋಶದ ಒಳಪದರದಲ್ಲಿ ಮಾತ್ರ ತಾನೇ ಸ್ವಲ್ಪ ಈಸ್ಟ್ರೋಜೆನ್ನಿನಂತೆ ವರ್ತಿಸುತ್ತದೆ. ಮುಟ್ಟು ನಿಂತವರಲ್ಲಿ ಅದು ಒಳಪದರದ ಕ್ಯಾನ್ಸರಿನ ಸಂಭವವನ್ನು ಹೆಚ್ಚಿಸುತ್ತದೆ. ಹಾಗೆಂದು ಗುಳಿಗೆಯನ್ನು ತಾವಾಗಿ ನಿಲ್ಲಿಸಬಾರದು. ಅದರ ಉಪಕಾರವೇ ದೊಡ್ಡದು. ರಕ್ತ ಕಂಡರೆ ಮಾತ್ರ ಅಂದೇ ತಿಳಿಸಬೇಕು.

ನಮ್ಮ ಜಿಲ್ಲೆ ಕಂಡ ಪಾಠ

ಪರೀಕ್ಷೆಯಿಲ್ಲದೆ ಅಂಗ ತೆಗೆಸುವುದರ ಕಷ್ಟವನ್ನು ಕಲಬುರಗಿ ಜಿಲ್ಲೆಯಷ್ಟು ಕಂಡ ಸೀಮೆಗಳು ವಿರಳ. 2015ರಲ್ಲಿ ಈ ಜಿಲ್ಲೆಯ ಕೆಲವು ಖಾಸಗಿ ಆಸ್ಪತ್ರೆಗಳಲ್ಲಿ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆಯಲಾಗುತ್ತಿದೆಯೆಂಬ ದೂರು ಹೊರಬಂದಿತು. ಆರೋಗ್ಯ ಇಲಾಖೆ ನೇಮಿಸಿದ ಸಮಿತಿಗಳು ತನಿಖೆ ನಡೆಸಿದಾಗ ಇಂತಹ ಶಸ್ತ್ರಕ್ರಿಯೆಗಳ ಲೆಕ್ಕ ಎರಡು ಸಾವಿರವನ್ನು ದಾಟಿತ್ತು. ಅವರಲ್ಲಿ ಹೆಚ್ಚಿನವರು ಲಂಬಾಣಿ ತಾಂಡಾಗಳ, ದಲಿತ ಕೇರಿಗಳ ಬಡ ಹೆಣ್ಣುಮಕ್ಕಳು. ಅನೇಕರು 35 ವರ್ಷವನ್ನೂ ದಾಟದವರು. ಹೊಟ್ಟೆನೋವು, ಬಿಳಿಸೆರಗು ಎಂದು ಹೋದವರಿಗೆ ಕ್ಯಾನ್ಸರಿನ ಭಯ ಹುಟ್ಟಿಸಲಾಯಿತೆಂದು ಆ ಹೆಣ್ಣುಮಕ್ಕಳೇ ಹೇಳಿದರು. 2017ರ ಫೆಬ್ರವರಿಯಲ್ಲಿ ನೂರಾರು ಮಂದಿ ಕಲಬುರಗಿಯ ಬೀದಿಗಿಳಿದು ನ್ಯಾಯ ಕೇಳಿದರು.

ಇದು ಒಂದು ಜಾತಿಯ, ಒಂದು ಕೇರಿಯ ಸಂಗತಿಯೆಂದು ನಾವು ದೂರ ನಿಲ್ಲುವಂತಿಲ್ಲ. ರೋಗಕ್ಕೂ ಭಯಕ್ಕೂ ಕೇರಿಯ ಗಡಿಯಿಲ್ಲ. ಚಿಕ್ಕ ವಯಸ್ಸಿನಲ್ಲಿ ಗರ್ಭಕೋಶದೊಡನೆ ಅಂಡಾಶಯಗಳನ್ನೂ ಕಳೆದುಕೊಂಡವರಿಗೆ ಮೂಳೆ ಸವೆಯುವುದು, ಹೃದಯದ ತೊಂದರೆ ಬೇಗ ಬರುವುದು ತಿಳಿದ ವಿಷಯ. ಕೂಲಿ ಮಾಡುವ ಮೈಗೆ ಮೂಳೆಯೇ ಬಂಡವಾಳ. ಇನ್ನು ತೆಗೆದ ಅಂಗವನ್ನು ಪರೀಕ್ಷೆಗೆ ಕಳುಹಿಸದಿದ್ದರೆ ಹಾನಿ ಇಮ್ಮಡಿ. ರೋಗವಿರಲಿಲ್ಲವಾದರೆ ಅಂಗ ಸುಮ್ಮನೆ ಹೋಯಿತು. ರೋಗವಿತ್ತಾದರೆ ಅದರ ದರ್ಜೆ, ಗ್ರಾಹಿ, ಆಳ ಯಾವುದೂ ತಿಳಿಯದೆ ಮುಂದಿನ ಚಿಕಿತ್ಸೆ ಕುರುಡಾಯಿತು.

ಕೇಂದ್ರದ ಆರೋಗ್ಯ ಸಚಿವಾಲಯವು 2022ರಲ್ಲಿ ಅನಗತ್ಯ ಗರ್ಭಕೋಶ ಶಸ್ತ್ರಕ್ರಿಯೆಗಳನ್ನು ತಡೆಯಲು ಮಾರ್ಗಸೂಚಿಗಳನ್ನು ಹೊರಡಿಸಿತು. 2023ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅವನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಆದೇಶಿಸಿತು. ಕಾನೂನು ಇದೆ, ಆದರೆ ಆಸ್ಪತ್ರೆಯ ಮೇಜಿನ ಮುಂದೆ ಕುಳಿತು ‘ಬಯಾಪ್ಸಿ ಆಗಿದೆಯೇ? ವರದಿ ಎಲ್ಲಿ?’ ಎಂದು ಕೇಳಬೇಕಾದವರು ಮನೆಯವರೇ.

ಮನೆಯವರು ನೆನಪಿಡಬೇಕಾದುದು

ಮೊದಲನೆಯದಾಗಿ, ತುರ್ತು ರಕ್ತಸ್ರಾವದ ಹೊರತು, ಗರ್ಭಕೋಶ ತೆಗೆಸಬೇಕೆಂದು ಹೇಳಿದರೆ ಕಾರಣ ಕೇಳಿರಿ, ಇನ್ನೊಬ್ಬ ವೈದ್ಯರ ಅಭಿಪ್ರಾಯವನ್ನೂ ಪಡೆಯಿರಿ. ಹೀಗೆ ಕೇಳಿದರೆ ವೈದ್ಯರಿಗೆ ಅಗೌರವವಾಗುವುದಿಲ್ಲ.

ಎರಡನೆಯದಾಗಿ, ತೆಗೆದ ಅಂಗವನ್ನಾಗಲಿ ಚೂರನ್ನಾಗಲಿ ಪರೀಕ್ಷೆಗೆ ಕಳುಹಿಸಲೇಬೇಕು. ಅನೇಕ ಸಲ ಆ ಬಾಟಲಿಯನ್ನು ಪ್ರಯೋಗಾಲಯಕ್ಕೆ ಒಯ್ಯುವ ಕೆಲಸ ಮನೆಯವರ ಪಾಲಿಗೆ ಬರುತ್ತದೆ. ಅಂಗ ಫಾರ್ಮಲಿನ್ ದ್ರವದಲ್ಲಿ ಪೂರ್ತಿ ಮುಳುಗಿರಬೇಕು. ದ್ರವವು ಅಂಗದ ಹತ್ತು ಪಟ್ಟಾದರೂ ಇರಬೇಕು. ನೀರಿನಲ್ಲಿ ಇಡಬಾರದು, ಒಣಗಲು ಬಿಡಬಾರದು, ನಾಳೆ ಬಸ್ಸಿಗೆ ಹೋದರಾಯಿತೆಂದು ತಡಮಾಡಬಾರದು. ತಡವಾದರೆ, ಸರಿಯಾಗಿ ಇಡದಿದ್ದರೆ ಗ್ರಾಹಿಗಳು ನಶಿಸಿ, ಇದ್ದುದೂ ಇಲ್ಲವೆಂದು ವರದಿ ಬರುವ ಸಂಭವವಿದೆ. ಬಾಟಲಿಯ ಮೇಲೆ ಹೆಸರು, ದಿನಾಂಕ ಬರೆದಿದೆಯೇ ಎಂದು ನೋಡಿಕೊಳ್ಳಿರಿ.

ಮೂರನೆಯದಾಗಿ, ವರದಿಯ ಕಾಗದವನ್ನು ಹೊಲದ ಪಹಣಿಯಷ್ಟೇ ಜೋಪಾನವಾಗಿಡಿರಿ. ಗಾಜಿನ ಪಟ್ಟಿಗಳು ಮತ್ತು ಮೇಣದ ಅಚ್ಚುಗಳನ್ನು ಮತ್ತೊಂದು ಆಸ್ಪತ್ರೆಯ ತಜ್ಞರಿಗೆ ತೋರಿಸಲು ಕೇಳಿ ಪಡೆಯಬಹುದು. ಮೇಣದ ಅಚ್ಚು ಹತ್ತಾರು ವರ್ಷ ಕೆಡುವುದಿಲ್ಲ. ಮೊದಲು ಗ್ರಾಹಿಗಳ ಪರೀಕ್ಷೆ ಆಗಿರದಿದ್ದರೆ ಅದರಿಂದಲೇ ಮುಂದೆ ಮಾಡಿಸಬಹುದು.

ನಾಲ್ಕನೆಯದಾಗಿ, ಎಲ್ಲಿಗೆ ಹೋಗಬೇಕೆಂಬುದು. ಆಳಂದವೂ ಜೇವರ್ಗಿಯೂ ಕಲಬುರಗಿಗೆ ಸುಮಾರು 40 ಕಿಲೋಮೀಟರ್. ಅಫಜಲಪುರ ಇನ್ನೂ ದೂರ. ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ತೋರಿಸಿ, ಅಲ್ಲಿಂದ ಚೀಟಿ ಪಡೆದು ಕಲಬುರಗಿಗೆ ಹೋಗುವುದು ಲೇಸು. ಅಲ್ಲಿ ಸರಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಇದೆ. 1963ರಲ್ಲಿ ಆರಂಭವಾದ ಮಹಾದೇವಪ್ಪ ರಾಂಪೂರೆ ವೈದ್ಯಕೀಯ ಕಾಲೇಜು ಮತ್ತು ಅದರ ಬಸವೇಶ್ವರ ಆಸ್ಪತ್ರೆ ಇವೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ಶಾಖಾ ಕೇಂದ್ರವೂ ಇದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ಹೋಗುವಾಗ ಕಾರ್ಡುಗಳನ್ನೂ ಹಳೆಯ ಕಾಗದಗಳನ್ನೂ ಮರೆಯದೆ ಒಯ್ಯಿರಿ.

ಐದನೆಯದಾಗಿ, ತಾಯಿಗೋ ಅಕ್ಕತಂಗಿಯರಿಗೋ ಚಿಕ್ಕ ವಯಸ್ಸಿನಲ್ಲಿ ಗರ್ಭಕೋಶದ ಒಳಪದರದ ಅಥವಾ ದೊಡ್ಡಕರುಳಿನ ಕ್ಯಾನ್ಸರ್ ಬಂದಿದ್ದರೆ ಅದನ್ನು ವೈದ್ಯರಿಗೆ ಹೇಳಿರಿ. ಈ ರೋಗದಲ್ಲಿ ನೂರಕ್ಕೆ ಸುಮಾರು 3ರಷ್ಟು ಲಿಂಚ್ ಸಹಲಕ್ಷಣವೆಂಬ ವಂಶವಾಹಿ ದೋಷದಿಂದ ಬರುತ್ತದೆ. ಅಂತಹ ಮನೆಗಳಲ್ಲಿ ಉಳಿದವರನ್ನೂ ಪರೀಕ್ಷಿಸಬೇಕಾಗುತ್ತದೆ.

ಬೇಗ ಬಂದವರಿಗೆ ಈ ರೋಗ ಬಹಳ ಉದಾರಿ. ರೋಗ ಗರ್ಭಕೋಶದೊಳಗೇ ಇರುವಾಗ ಸಿಕ್ಕರೆ, ಅಮೆರಿಕದ ಲೆಕ್ಕದಂತೆ, ನೂರರಲ್ಲಿ ಸುಮಾರು 95 ಮಂದಿ ಐದು ವರ್ಷಗಳ ಗಡಿ ದಾಟುತ್ತಾರೆ. ದೂರದ ಅಂಗಗಳಿಗೆ ಹಬ್ಬಿದ ಮೇಲೆ ಆ ಸಂಖ್ಯೆ 20ರ ಆಸುಪಾಸಿಗೆ ಇಳಿಯುತ್ತದೆ. ಈ ಎರಡು ಸಂಖ್ಯೆಗಳ ನಡುವಿನ ಅಂತರದಲ್ಲಿ ದೊಡ್ಡ ಪಾಲು ತಡಮಾಡಿದುದರ ಫಲ. ನಮ್ಮ ಮನೆಗಳಲ್ಲಿ ತಡಕ್ಕೆ ಕಾರಣ ಹಣವೊಂದೇ ಅಲ್ಲ, ನಾಚಿಕೆಯೂ ಹೌದು. ಹನ್ನೆರಡನೆಯ ಶತಮಾನದ ಶರಣರು ಪಂಚಸೂತಕಗಳನ್ನು ಅಲ್ಲಗಳೆದಾಗ ಹೆಣ್ಣಿನ ರಜಸ್ಸನ್ನೂ ಮೈಲಿಗೆಯ ಪಟ್ಟಿಯಿಂದ ಹೊರಗೆ ತಂದರು. ಅವರ ಹೆಸರು ಹೇಳುವ ಮನೆಗಳಲ್ಲಿ ತಾಯಿಯೊಬ್ಬಳು ತನ್ನ ಮೈಯ ರಕ್ತದ ಮಾತನ್ನು ಮಗನಿಗೆ, ಸೊಸೆಗೆ ಹೇಳಲಾರದೆ ನರಳುವುದು ತರವಲ್ಲ. ಈ ಪುಟವನ್ನು ಓದಲು ಬಲ್ಲವರು ಓದುಬರಹ ತಿಳಿಯದ ಅವ್ವಂದಿರಿಗೆ, ಆಯಿಯರಿಗೆ ಓದಿ ಹೇಳಬೇಕೆಂದು ಕೋರುತ್ತೇವೆ. ಮನೆಯಲ್ಲಿ ವರ್ಷಕ್ಕೊಮ್ಮೆಯಾದರೂ, ‘ಅವ್ವಾ, ನಿನಗೆ ಹಾಗೇನಾದರೂ ಕಂಡಿದೆಯೇ?’ ಎಂದು ಮಗಳು ಕೇಳಲಿ, ಸೊಸೆಯೂ ಕೇಳಲಿ.